ಮಂಗಳವಾರದ ಆಟಕ್ಕೆ ಎರಡು ಸೀಟು

ಮೊದಲನೇ ದೂರು ಬಂದದ್ದು ಸಿನಿಮಾ ಶುರುವಾದ ಹನ್ನೊಂದನೇ ನಿಮಿಷಕ್ಕೆ.

ಸೊಸೆ ಮೂರನೇ ಹಾಲ್‌ನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಫೋನು ನಡುಗಿತು. ‘ಎಫ್ ಸಾಲು, ಏಳು ಮತ್ತು ಎಂಟು, ಜೋರು ಮಾತು’ ಎಂದು ಯಾರೋ ಕೂತಲ್ಲಿಂದಲೇ ಒತ್ತಿ ಕಳಿಸಿದ್ದರು. ಎಫ್ ಏಳರಲ್ಲಿ ಇದ್ದವಳು ಅವಳ ಅತ್ತೆ, ಎಂಟರಲ್ಲಿ ಮಾವ. ಟಾರ್ಚನ್ನು ನೆಲಕ್ಕೆ ಹಿಡಿದು, ಬೆನ್ನು ಬಗ್ಗಿಸಿಕೊಂಡು ಅವಳು ಮೆಟ್ಟಿಲು ಹತ್ತಿದಳು. ಬೆನ್ನು ಬಗ್ಗಿಸುವುದನ್ನೂ ಅಲ್ಲಿ ಮೂರು ದಿನ ಕೂರಿಸಿ ಕಲಿಸುತ್ತಾರೆ.

“ತಮ್ಮ ಬಂದ! ಮನೆ ಪತ್ರ ಕೇಳ್ತಾನೆ! ಕೊಡಲ್ಲ ಅಂತಾಳೆ!” ಎಂದು ಅತ್ತೆ ತೆರೆಯ ಮೇಲಿನ ಮಾತನ್ನು ಮಾವನ ಎಡಗಿವಿಗೆ ಕೂಗುತ್ತಿದ್ದಳು.

“ಅತ್ತೆ, ಸ್ವಲ್ಪ ಮೆಲ್ಲಗೆ.”

“ಮೆಲ್ಲಗೆ ಹೇಳಿದ್ರೆ ಇವರಿಗೆ ಕೇಳ್ಸುತ್ತಾ?”

“ಬೇರೆಯವರಿಗೆ ತೊಂದ್ರೆ ಆಗ್ತಿದೆಯಂತೆ.”

“ಅವರು ಸಿನಿಮಾ ಕೇಳ್ಲಿ. ನನ್ನ ಮಾತು ಯಾಕೆ ಕೇಳ್ಬೇಕು?”

ಮಾವ ಇಬ್ಬರ ಬಾಯಿಯನ್ನೂ ನೋಡಿದ. “ಯಾರದು ಟಾರ್ಚು? ಸಿನಿಮಾದಲ್ಲಿ ಪೊಲೀಸ್ ಬಂದ್ರಾ?” ಎಂದು ಇಡೀ ಹಾಲ್‌ಗೆ ಕೇಳುವ ಹಾಗೆ ಕೇಳಿದ.

ಮುಂದಿನ ಸಾಲಿನಲ್ಲಿ ಒಬ್ಬ ನಕ್ಕ. ಇನ್ನೊಬ್ಬ ನಗಲಿಲ್ಲ. ನಗದವನು ಫೋನು ತೆಗೆದು ಮತ್ತೊಮ್ಮೆ ಒತ್ತಿದ. ಮಧ್ಯಂತರದಲ್ಲಿ ಅತ್ತೆ ಮಾವನ ಕೈ ಹಿಡಿದುಕೊಂಡು ಎದ್ದು ಹೊರಟೇ ಹೋದಳು. ಸಿನಿಮಾದ ಆ ಅಕ್ಕ ತಮ್ಮಂದಿರ ಮನೆ ಪತ್ರ ಕೊನೆಗೆ ಯಾರ ಕೈಗೆ ಹೋಯಿತೋ ಅತ್ತೆ ಮಾವ ಇಬ್ಬರಿಗೂ ಗೊತ್ತಾಗಲಿಲ್ಲ.

ಇನ್ನು ಇವರಿಬ್ಬರನ್ನು ಬೀದಿಯವರು ಕರೆಯುವ ಹಾಗೆ ಅಜ್ಜಿ, ತಾತ ಎಂದೇ ಕರೆಯೋಣ.

ತಾತ ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಇದ್ದವನು. ಮೊದಲು ಅಕ್ಷರದ ಮೊಳೆ ಜೋಡಿಸುತ್ತಿದ್ದ, ಆಮೇಲೆ ಪ್ರೂಫ್ ಓದುತ್ತಿದ್ದ. ಒಬ್ಬ ಚುಕ್ಕಿ, ಚಿಹ್ನೆಗಳನ್ನೂ ಹೆಸರು ಹೇಳಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಅಚ್ಚಾದ ಹಾಳೆಯಲ್ಲಿ ತಪ್ಪು ಹಿಡಿಯಬೇಕು. ಓದುವವನು ತಾತ. ಪಕ್ಕದಲ್ಲೇ ಯಂತ್ರ ಬಡಿಯುತ್ತಿತ್ತು. ಅದನ್ನು ಮೀರಿಸಿ ಓದಿ ಓದಿ ಗಂಟಲು ದೊಡ್ಡದಾಯಿತು, ಕಿವಿ ಹೋಯಿತು. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯಲ್ಲಿ ಅಜ್ಜಿಯ ದನಿ ಒಂದಕ್ಕೆ ಮಾತ್ರ ಜಾಗ ಉಳಿದಿದೆ.

ಸೊಸೆ ಕೆಲಸ ಮಾಡುವ ಈ ಹಾಲ್‌ಗಳ ಜಾಗದಲ್ಲಿ ಹಿಂದೆ ಎಂಟುನೂರು ಜನ ಕೂರುವ ಹಳೇ ಥಿಯೇಟರ್ ಇತ್ತು. ಮರದ ಕುರ್ಚಿ, ಕಿರುಗುಟ್ಟುವ ಫ್ಯಾನು, ಅಳುವ ಕೂಸು, ಶಿಳ್ಳೆ ಹೊಡೆಯುವ ಪಡ್ಡೆಗಳು. ಪ್ರತಿ ಮಂಗಳವಾರ ಮಧ್ಯಾಹ್ನದ ಆಟಕ್ಕೆ ಇವರಿಬ್ಬರೂ ಹೋಗುತ್ತಿದ್ದರು. ಮಂಗಳವಾರ ಅಚ್ಚುಕೂಟಕ್ಕೆ ರಜೆ. ತೆರೆಯ ಮೇಲೆ ಯಾರಾದರೂ ಬಾಯಿ ಆಡಿಸಿದರೆ ತಾತ ಅಜ್ಜಿಯ ಮಣಿಕಟ್ಟು ಚಿವುಟುವನು. ಅವಳು ಹೇಳುವಳು. ನಾಯಕ ಹತ್ತು ವಾಕ್ಯ ಹೇಳಿದರೆ ಅಜ್ಜಿಯದು ಒಂದೇ ವಾಕ್ಯ: “ಮದ್ವೆ ಆಗಲ್ವಂತೆ, ಹೇಡಿ!” ಹಿಂದಿನ ಸಾಲಿನವರು ಅವಳಿಗೆ ರೇಡಿಯೋ ಎಂದು ಹೆಸರಿಟ್ಟರು. ಸಿನಿಮಾ ಚೆನ್ನಾಗಿಲ್ಲದ ವಾರ ರೇಡಿಯೋ ಕೇಳಲೆಂದೇ ಬರುವವರಿದ್ದರು. ಇದು ಉತ್ಪ್ರೇಕ್ಷೆಯಲ್ಲ. ಆ ಕಾಲದಲ್ಲಿ ಕೆಟ್ಟ ಸಿನಿಮಾಗಳು ಅಷ್ಟು ಬರುತ್ತಿದ್ದವು.

ಆ ಥಿಯೇಟರ್ ಎರಡು ವರ್ಷ ಬಾಗಿಲು ಹಾಕಿ, ಒಳಗೆ ಮೂರು ತುಂಡಾಗಿ ಮತ್ತೆ ತೆರೆಯಿತು. ಒಂದೊಂದರಲ್ಲೂ ತೊಂಬತ್ತು ಸೀಟು. ಗೋಡೆಗೆ ಮೆತ್ತೆ, ನೆಲಕ್ಕೆ ರತ್ನಗಂಬಳಿ, ಸೀಟು ಹಿಂದಕ್ಕೆ ಬಾಗಿ ಹಾಸಿಗೆಯಾಗುತ್ತದೆ. ಪಕ್ಕದವನು ಕಡಲೆ ಅಗಿದರೂ ಕೇಳಿಸುತ್ತದೆ, ಅದಕ್ಕೇ ಅಲ್ಲಿ ಕಡಲೆ ಮಾರುವುದಿಲ್ಲ. ಸೊಸೆಗೆ ಅಲ್ಲಿ ಹಾಲ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಕೆಲಸದವರ ಮನೆಯವರಿಗೆ ಮಂಗಳವಾರ ಎರಡು ಸೀಟು ಪುಕ್ಕಟೆ. ಆದರೆ ಆ ಸೀಟಿನ ಮೇಲೆ ದೂರು ಬಂದರೆ ಅದು ಕೆಲಸದವಳ ನಂಬರಿಗೆ ಕೆಂಪು ಗುರುತಾಗಿ ಬೀಳುತ್ತದೆ. ಒಂದು ಆಟಕ್ಕೆ ಎಷ್ಟೇ ದೂರು ಬಂದರೂ ಒಂದೇ ಗುರುತು. ಮೂರು ಗುರುತಾದರೆ ಮನೆಗೆ.

ಆ ದಿನ ಸಂಜೆ ಊಟಕ್ಕೆ ಕೂತಾಗ ಸೊಸೆ ಇದನ್ನು ಹೇಳಿದಳು. ಅನ್ನ, ಬೇಳೆ, ಒಂದೊಂದು ಬೇಯಿಸಿದ ಮೊಟ್ಟೆ. ಅವಳ ಗಂಡ ಗೋಡೆಗೆ ಒರಗಿ, ಪ್ಲಾಸ್ಟರ್ ಹಾಕಿದ ಕಾಲನ್ನು ಮಣೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್ ಅವನು. ಏಣಿಯಿಂದ ಬಿದ್ದು ಹಿಮ್ಮಡಿ ಮೂಳೆ ಮುರಿದುಕೊಂಡಿದ್ದ. ಮೂರು ತಿಂಗಳು ನೆಲಕ್ಕೆ ಕಾಲಿಡುವ ಹಾಗಿಲ್ಲ. ಐದು ಜನರ ತಟ್ಟೆಗೆ ಅನ್ನ ಬರುತ್ತಿದ್ದದ್ದು ಸೊಸೆಯ ಸಂಬಳದಿಂದ.

“ಒಂದು ಗುರುತು ಬಿತ್ತು,” ಎಂದಳು ಸೊಸೆ. “ಇನ್ನೆರಡು ಬಿದ್ರೆ ನಾನೂ ಇವರ ಪಕ್ಕ ಕಾಲು ಚಾಚ್ಕೊಂಡು ಕೂರೋದೇ.”

“ನನ್ನ ಕಾಲಿನ ಸುದ್ದಿಗೆ ಯಾಕೆ ಬರ್ತೀಯ?” ಎಂದ ಪೇಂಟರ್.

“ಮಾತಾಡಿದ್ದಕ್ಕೆ ಗುರುತಾ?” ಎಂದಳು ಅಜ್ಜಿ. “ಅದೇನು ಥಿಯೇಟರಾ, ಸಾವಿನ ಮನೆನಾ? ಸಾವಿನ ಮನೇಲೂ ಇಷ್ಟು ಸುಮ್ಮನೆ ಕೂರಲ್ಲ ಜನ.”

“ಈಗ ಹಾಗೇ ಅಜ್ಜಿ,” ಎಂದಳು ಮೊಮ್ಮಗಳು. ಅವಳು ಹತ್ತನೇ ತರಗತಿ, ಬಾಯಿ ಅಜ್ಜಿಯದೇ. “ದುಡ್ಡು ಕೊಟ್ಟು ಸುಮ್ಮನೆ ಕೂರೋಕೇ ಬರ್ತಾರೆ.”

“ಸುಮ್ಮನೆ ಕೂರೋಕೆ ಮನೆ ಇಲ್ವಾ ಅವರಿಗೆ?”

“ಅಪ್ಪನ ಕಿವಿಗೆ ಮೆಷಿನ್ ತಂದುಕೊಟ್ಟೆ,” ಎಂದ ಪೇಂಟರ್. “ಒಂದು ಮಳೆಗಾಲದ ದುಡಿಮೆ ಅದು. ಹಾಕ್ಕೊಂಡ್ರೆ ಈ ಗೋಳೇ ಇಲ್ಲ. ಎಲ್ಲಿದೆ ಅದು?”

ಅದು ಗುಂಡಿ, ದಾರ, ಸೂಜಿ ಇಡುವ ಡಬ್ಬಿಯಲ್ಲಿತ್ತು. ತಾತ ಎರಡು ದಿನ ಹಾಕಿಕೊಂಡಿದ್ದ. ತಟ್ಟೆ ಇಟ್ಟರೆ ತಗಡಿನ ಮೇಲೆ ಕಲ್ಲು ಸುರಿದ ಹಾಗಾಗುತ್ತದೆ, ಮನುಷ್ಯರ ಮಾತು ಮಾತ್ರ ಕೇಳುವುದಿಲ್ಲ ಎಂದು ತೆಗೆದಿಟ್ಟಿದ್ದ.

ತಾತ ಎಲ್ಲರ ಮುಖ ನೋಡುತ್ತಿದ್ದ. ಅಜ್ಜಿಯ ಮಣಿಕಟ್ಟು ಚಿವುಟಿದ.

ಅಜ್ಜಿ ಅವನ ಎಡಗಿವಿಗೆ ಬಾಗಿದಳು. “ನಿಮ್ಮ ಸೊಸೆ ನನ್ನ ಬಾಯಿಗೆ ಬೀಗ ಹಾಕ್ತಾಳಂತೆ!”

“ಹಾಕ್ಲಿ ಬಿಡು,” ಎಂದ ತಾತ. “ಬೀಗದ ಕೈ ನನ್ನ ಹತ್ರ ಕೊಡೋಕೆ ಹೇಳು.”

ಮೊಮ್ಮಗಳು ನಕ್ಕಳು. ಬೇರೆ ಯಾರೂ ನಗಲಿಲ್ಲ.

ಎರಡು ಮಂಗಳವಾರ ಯಾರೂ ಸಿನಿಮಾಕ್ಕೆ ಹೋಗಲಿಲ್ಲ. ಆ ಎರಡು ಮಂಗಳವಾರವೂ ತಾತ ಬೆಳಿಗ್ಗೆಯೇ ಗಡ್ಡ ಕೆರೆದು, ಇಸ್ತ್ರಿ ಅಂಗಿ ಹಾಕಿಕೊಂಡು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ಕೇಳಿದರೆ, “ಸುಮ್ಮನೆ” ಎಂದ. ಅಜ್ಜಿ ಅವನ ಅಂಗಿ ನೋಡಿದಾಗಲೆಲ್ಲ ಅಡುಗೆಮನೆಯಲ್ಲಿ ಒಂದು ಪಾತ್ರೆಯನ್ನು ಬೇಕೆಂದೇ ಜೋರಾಗಿ ಇಟ್ಟಳು. ಅದು ಸೊಸೆಗೆ ಕೇಳಲಿ ಎಂದು.

ಸೊಸೆಯೇನೂ ಕಲ್ಲಲ್ಲ. ಮೂರನೇ ವಾರ ಕೆಲಸದಿಂದ ಬಂದವಳು ಚೀಲ ಇಡುವ ಮೊದಲೇ ಹೇಳಿದಳು: “ಮೂರನೇ ಹಾಲ್‌ನಲ್ಲಿ ಇನ್ನು ಮೇಲೆ ಮಂಗಳವಾರ ಮಧ್ಯಾಹ್ನ ಬೇರೆ ಥರದ ಆಟ. ಮಾತೆಲ್ಲ ತೆರೆ ಕೆಳಗೆ ಅಕ್ಷರದಲ್ಲಿ ಬರುತ್ತೆ. ಮಾವ ಓದ್ಕೋಬಹುದು. ಅತ್ತೆ ಆರಾಮಾಗಿ ನೋಡ್ಬಹುದು. ಯಾರೂ ಕೂಗೋದೇ ಬೇಡ.”

ಮೊಮ್ಮಗಳು ತಾತನಿಗೆ ಅದನ್ನು ಹಾಳೆಯ ಮೇಲೆ ಬರೆದು ತೋರಿಸಿದಳು. ತಾತ ಎರಡು ಸಲ ಓದಿದ. “ಅಕ್ಷರ ಎಷ್ಟು ದಪ್ಪ?” ಎಂದು ಕೇಳಿದ. ಅವನಿಗೆ ಅದು ಮುಖ್ಯ.

ಹೋದರು. ಅದು ಇವರದೇ ಭಾಷೆಯ ಚಿತ್ರ. ಕುಡುಕ ಗಂಡ, ದುಡಿಯುವ ಹೆಂಡತಿ. ತಾತ ಕುರ್ಚಿಯ ತುದಿಗೆ ಬಂದು ಕೂತು ಒಂದಕ್ಷರ ಬಿಡದೆ ಓದಿದ. ಎರಡೂಕಾಲು ಗಂಟೆಯಲ್ಲಿ ಒಮ್ಮೆಯೂ ಅಜ್ಜಿಯ ಮಣಿಕಟ್ಟು ಮುಟ್ಟಲಿಲ್ಲ. ಅಜ್ಜಿ ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಬಾಗಿಲ ಕಡೆ ನೋಡಿ ಮುಚ್ಚಿಕೊಂಡಳು. ದೂರು ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆ ಗೆದ್ದವಳಂತೆ ನಕ್ಕಳು.

ಮನೆಗೆ ಬಂದ ಮೇಲೆ ತಾತನ ಬಾಯಿ ನಿಲ್ಲಲಿಲ್ಲ.

“ಕೊನೆಗೆ ಆ ಹೆಂಗಸು ಗಂಡನ್ನ ಕ್ಷಮಿಸಿದ್ಳು. ಎಷ್ಟು ಚೆನ್ನಾಗಿ ಮಾತಾಡಿದ್ಳು! ಎಂಟು ಸಾಲು! ನೀನಾಗಿದ್ರೆ ಏನು ಹೇಳ್ತಿದ್ದೆ ಗೊತ್ತಾ? ‘ಒದ್ದು ಹೊರಗೆ ಹಾಕಿದ್ಳು’ ಅಂತಿದ್ದೆ.”

“ಹಾಕ್ಬೇಕಿತ್ತು,” ಎಂದಳು ಅಜ್ಜಿ. ಅದು ಅವನಿಗೆ ಕೇಳಲಿಲ್ಲ.

“ಹಳೇ ಸಿನಿಮಾಗಳಲ್ಲೂ ಹಾಗೇ ಮಾಡಿರ್ತೀಯ. ಈಗ ಗೊತ್ತಾಯ್ತು. ಇಷ್ಟು ವರ್ಷ ನನಗೆ ತಪ್ಪು ಪ್ರೂಫ್ ಓದಿಸಿದ್ದೀಯಲ್ಲೇ ಇವಳೇ!”

ಅವನು ನಗುತ್ತಲೇ ಹೇಳಿದ. ಅಜ್ಜಿ ಹುರುಳಿಕಾಯಿ ಮುರಿಯುತ್ತಿದ್ದಳು. ಕೈಯಲ್ಲಿದ್ದದ್ದನ್ನು ಮೊರಕ್ಕೆ ಹಾಕಿ ಎದ್ದು ಒಳಗೆ ಹೋದಳು. ಆವತ್ತಿನಿಂದ ಅವನ ಎಡಗಿವಿಗೆ ಒಂದು ಮಾತನ್ನೂ ಹಾಕಲಿಲ್ಲ.

ಮನೆಗೆಲಸ ಬಿಡಲಿಲ್ಲ. ತಾತನಿಗೆ ಚಹಾ ಕೊಟ್ಟಳು, ಬಿಸಿನೀರು ಇಟ್ಟಳು, ಅಂಗಿ ಒಗೆದಳು. ಮಾತು ಮಾತ್ರ ಇಲ್ಲ. ಮನೆಯವರು ತಾತನಿಗೆ ಏನೇ ಹೇಳಿದರೂ ಅದನ್ನು ಅವನ ಕಿವಿಗೆ ಮುಟ್ಟಿಸುತ್ತಿದ್ದವಳು ಅವಳು. ಅದು ನಿಂತುಹೋಯಿತು. ಆಗ ಗೊತ್ತಾಯಿತು ಆ ಮನೆಯಲ್ಲಿ ತಾತನಿಗೆ ಎಷ್ಟು ಕಡಿಮೆ ಕೇಳಿಸುತ್ತದೆ ಎಂದು.

ಐದನೇ ದಿನ ಸೊಸೆ ಕೆಲಸಕ್ಕೆ ಹೊರಡುತ್ತ ಕೂಗಿದಳು: “ಮಾವ, ಇನ್ನು ಹತ್ತು ನಿಮಿಷಕ್ಕೆ ಒಲೆ ಆರಿಸ್ಬಿಡಿ!” ತಾತ ತಲೆಯಾಡಿಸಿದ. ಅವನು ಎಲ್ಲದಕ್ಕೂ ತಲೆಯಾಡಿಸುತ್ತಾನೆ. ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಕೇಳಿಸಿಕೊಂಡಳು. ಏಳಲಿಲ್ಲ. ಅನ್ನ ತಳ ಹಿಡಿಯಿತು, ಆಮೇಲೆ ಕಪ್ಪಾಯಿತು, ಆಮೇಲೆ ಮನೆಯೆಲ್ಲ ಹೊಗೆ. ಪೇಂಟರ್ ಒಂಟಿ ಕಾಲಲ್ಲಿ ಕುಪ್ಪಳಿಸಿಕೊಂಡು ಬಂದು ಒಲೆ ಆರಿಸಿದ.

“ಅಮ್ಮಾ! ನಿನಗೆ ವಾಸನೆ ಬರ್ಲಿಲ್ವಾ?”

“ಬಂತು.”

“ಮತ್ತೆ?”

“ನನಗೆ ಹೇಳಿರ್ಲಿಲ್ಲ. ಅವರಿಗೆ ಹೇಳಿದ್ದು. ಅವರು ಈಗ ಎಲ್ಲಾ ತಾವೇ ತಿಳ್ಕೊಳ್ತಾರೆ.”

“ಅವರಿಗೆ ಕಿವಿ ಕೇಳ್ಸಲ್ಲಮ್ಮ!”

“ಮೂಗಿದೆಯಲ್ಲ. ಮೂಗೂ ಓದೋಕೆ ಹೋಗಿತ್ತಾ?”

ಪೇಂಟರ್ ಗೋಡೆ ಹಿಡಿದು ನಿಂತು ಅಪ್ಪನ ಕಡೆ ನೋಡಿದ. ತಾತ ಹಳೇ ಪತ್ರಿಕೆಯಿಂದ ಹೊಗೆಯನ್ನು ಕಿಟಕಿಯ ಕಡೆ ಬೀಸುತ್ತಿದ್ದ. “ಯಾರೋ ಏನೋ ಸುಟ್ಟುಹಾಕಿದ್ದಾರೆ,” ಎಂದ.

ಆ ದಿನ ಎಲ್ಲರೂ ಬ್ರೆಡ್ಡು ತಿಂದರು. ಸೊಸೆ ಸಂಜೆ ಬಂದು ಪಾತ್ರೆ ನೋಡಿ ಬೂದಿ ಹಾಕಿ ತಿಕ್ಕಿದಳು. ಅರ್ಧ ಗಂಟೆ ತಿಕ್ಕಿದಳು. ಆ ಸದ್ದು ಎಲ್ಲರಿಗೂ ಕೇಳಿತು, ತಾತ ಒಬ್ಬನನ್ನು ಬಿಟ್ಟು.

“ಸಿನಿಮಾಕ್ಕೂ ಕಳಿಸಿದೆ, ಪಾತ್ರೇನೂ ತಿಕ್ದೆ,” ಎಂದಳು ಕೊನೆಗೆ. “ಇನ್ನೇನು ಮಾಡ್ಲಿ ಹೇಳಿ ಅತ್ತೆ. ಬೀದೀಲಿ ನಿಂತು ಸಿನಿಮಾ ಕಥೆ ಹೇಳ್ಲಾ?”

“ನೀನೇನೂ ಮಾಡಿಲ್ಲ ತಾಯಿ. ನನಗೆ ಬರೋದೊಂದು ಕೆಲಸ ಇತ್ತು. ಅದನ್ನ ತೆರೆ ಕೆಳಗೆ ಬರೆದು ಹಾಕ್ಸಿದ್ದೀಯ. ಅಷ್ಟೇ.”

ಸಂಧಾನಕ್ಕೆ ಇಳಿದವಳು ಮೊಮ್ಮಗಳು. ಅವಳು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತಾತನ ಮುಂದೆ ಹಿಡಿದಳು: ‘ಅಜ್ಜಿಗೆ ನೋವಾಗಿದೆ. ತಪ್ಪು ಪ್ರೂಫ್ ಅಂದಿದ್ದಕ್ಕೆ. ಬುದ್ಧಿ ಇದೆಯಾ ನಿಮಗೆ.’ ತಾತ ಓದಿದ. ಜೇಬಿನಿಂದ ಪೆನ್ಸಿಲ್ ತೆಗೆದು ‘ಇದೆಯಾ ನಿಮಗೆ’ ಆದ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಾಳೆ ಹಿಂದಕ್ಕೆ ಕೊಟ್ಟ. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಅಜ್ಜಿ ಕೂತಿದ್ದ ಮೆಟ್ಟಿಲ ಮೇಲೇ, ಅವಳ ಬಲಕ್ಕೆ, ತನ್ನ ಎಡಗಿವಿ ಅವಳ ಕಡೆ ಬರುವ ಹಾಗೆ ಕೂತ. ಕಾಲು ಗಂಟೆ ಕೂತ.

“ಕಿವಿ ತೋರಿಸಿದ್ರೆ ಆಯ್ತಾ?” ಎಂದು ಅಜ್ಜಿ ಕೊನೆಗೆ ಆ ಕಿವಿಗೇ ಕೂಗಿದಳು.

“ಮಂಗಳವಾರ ಬಾ,” ಎಂದ ತಾತ. “ಮಾತಾಡ್ಬೇಡ, ಸುಮ್ಮನೆ ಪಕ್ಕದಲ್ಲಿ ಕೂತ್ಕೋ. ಆ ಸೀಟು ಖಾಲಿ ಇದ್ರೆ ಯಾವನಾದ್ರೂ ಕಾಲು ಚಾಚ್ತಾನೆ.”

ಆ ಮಂಗಳವಾರ ಯಾವ ಚಿತ್ರ ಎಂದು ಯಾರೂ ವಿಚಾರಿಸಲಿಲ್ಲ. ಸೊಸೆಗೂ ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆ ತಿಳಿಯಿತು. ಅದು ಯಾವುದೋ ದೂರದ ದೇಶದ್ದು. ಅಲ್ಲಿನ ಭಾಷೆ ಇಲ್ಲಿ ಯಾರಿಗೂ ಬಾರದು. ಕೆಳಗೆ ಮಾತ್ರ ಇಲ್ಲಿನ ಅಕ್ಷರ. ತೊಂದರೆಯಿಲ್ಲ, ಎಲ್ಲರೂ ಓದಿಕೊಳ್ಳುತ್ತಾರೆ ಎಂದುಕೊಂಡಳು.

ಎಲ್ಲರೂ ಎಂದರೆ ಎಲ್ಲರೂ ಅಲ್ಲ. ಅಜ್ಜಿಗೆ ಅಕ್ಷರ ಬಾರದು. ತನ್ನ ಹೆಸರು ಬರೆಯುತ್ತಾಳೆ, ಬಸ್ಸಿನ ನಂಬರು ಗುರುತು ಹಿಡಿಯುತ್ತಾಳೆ, ಅಲ್ಲಿಗೆ ಮುಗಿಯಿತು. ಅಕ್ಷರದ ನಡುವೆ ಬಾಳಿದ ಗಂಡ ಅವಳಿಗೆ ಒಂದಕ್ಷರ ಕಲಿಸಲಿಲ್ಲ. ದಿನವಿಡೀ ಅಚ್ಚುಕೂಟದಲ್ಲಿ ಅದನ್ನೇ ಮಾಡಿ ಬಂದವನು ಮನೆಯಲ್ಲೂ ಸ್ಲೇಟು ಹಿಡಿಯುತ್ತಾನೆಯೇ? ಅವಳೂ ಕೇಳಲಿಲ್ಲ. ಮಾತಿನಲ್ಲಿ ಅವಳನ್ನು ಮೀರಿಸುವವರು ಆ ಮನೆಯಲ್ಲಿ ಇರಲಿಲ್ಲವಾದ್ದರಿಂದ ಅವಳಿಗೆ ಬಾರದ್ದು ಒಂದಿದೆ ಎನ್ನುವುದು ಎಲ್ಲರಿಗೂ ಮರೆತುಹೋಗಿತ್ತು.

ಚಿತ್ರ ಶುರುವಾಯಿತು. ಒಂದು ಹೊಳೆ, ಒಂದು ದೋಣಿ, ಒಬ್ಬ ಮುದುಕ ಅಂಬಿಗ. ಒಬ್ಬಳು ಹೆಂಗಸು ದಿನಾ ಆ ದೋಣಿಯಲ್ಲಿ ದಾಟುತ್ತಾಳೆ. ಇಬ್ಬರೂ ಮಾತಾಡುತ್ತಾರೆ. ಸದ್ದು ಅಜ್ಜಿಗೆ ಚೆನ್ನಾಗಿ ಕೇಳುತ್ತಿತ್ತು. ಅದರಲ್ಲಿ ಒಂದು ಮಾತೂ ಅವಳದಾಗಿರಲಿಲ್ಲ. ಸುತ್ತಲೂ ನೋಡಿದಳು. ಹಾಲ್‌ನಲ್ಲಿ ಇದ್ದದ್ದು ಹದಿಮೂರು ಜನ. ಎಲ್ಲರ ಕಣ್ಣೂ ತೆರೆಯ ಕೆಳಗಿತ್ತು. ಮುಂದಿನ ಸಾಲಿನಲ್ಲಿ ಒಬ್ಬಳು ನಕ್ಕಳು. ಅಜ್ಜಿಗೆ ಯಾಕೆಂದು ಗೊತ್ತಾಗಲಿಲ್ಲ. ತಾತನೂ ನಕ್ಕ. ಯಾಕೆಂದು ಗೊತ್ತಾಗಲಿಲ್ಲ.

ಸೊಸೆಗೆ ಮಾತು ಕೊಟ್ಟಿದ್ದಳು. ಬಾಯಿ ಬಿಡುವ ಹಾಗಿಲ್ಲ. ಅಜ್ಜಿ ಕೈ ಚಾಚಿ ತಾತನ ಮಣಿಕಟ್ಟು ಚಿವುಟಿದಳು.

ತಾತ ತಿರುಗಿ ನೋಡಿದ. ಅವಳು ಗಲ್ಲದಿಂದ ತೆರೆಯ ಕೆಳಗೆ ತೋರಿಸಿದಳು. ಅವನು ಅಕ್ಷರ ನೋಡಿದ, ಅವಳ ಮುಖ ನೋಡಿದ. ಅರ್ಥವಾಗಲು ಅವನಿಗೆ ಒಂದು ಇಡೀ ಸಾಲು ದಾಟಿಹೋಗುವಷ್ಟು ಹೊತ್ತು ಹಿಡಿಯಿತು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಗಂಟಲು ಸರಿಮಾಡಿಕೊಂಡು, ಓದತೊಡಗಿದ.

ಅವನಿಗೆ ಗೊತ್ತಿದ್ದದ್ದು ಓದುವ ಒಂದೇ ವಿಧಾನ. ಪಕ್ಕದಲ್ಲಿ ಯಂತ್ರ ಬಡಿಯುತ್ತಿರುವಾಗ, ಎದುರಿಗಿದ್ದವನಿಗೆ ಒಂದು ಚುಕ್ಕಿಯೂ ತಪ್ಪದಂತೆ ಓದುವ ವಿಧಾನ.

“ಇವತ್ತೂ ಒಬ್ಬಳೇ ಬಂದೆಯಾ ಪ್ರಶ್ನೆ!” ಎಂದು ಅವನ ದನಿ ಮೆತ್ತೆ ಹೊಡೆದ ಗೋಡೆಗಳ ನಡುವೆ ಗುಡುಗಿತು. “ಇಲ್ಲ ಅಲ್ಪವಿರಾಮ ಇಬ್ಬರಿಗೂ ಹಣ ಕೊಟ್ಟಿದ್ದೇನೆ ಪೂರ್ಣವಿರಾಮ!”

ಹದಿಮೂರು ಜನರಲ್ಲಿ ಹನ್ನೊಂದು ಜನ ತಿರುಗಿ ನೋಡಿದರು.

“ನನ್ನ ದೋಣಿಯಲ್ಲಿ ಸತ್ತವರಿಗೆ ಹಣ ತೆಗೆದುಕೊಳ್ಳುವುದಿಲ್ಲ ಪೂರ್ಣ! ಇಲ್ಲಿ ಒತ್ತಕ್ಷರ ತಪ್ಪಾಗಿದೆ!”

ಸೊಸೆಯ ಫೋನು ನಡುಗಿತು. ಮತ್ತೆ ನಡುಗಿತು. ಅವಳು ಓಡಿಬಂದು, ಎಫ್ ಸಾಲಿನ ತುದಿಯಲ್ಲಿ ಬಗ್ಗಿ, ಟಾರ್ಚು ಎತ್ತಿದಳು. ಬೆಳಕು ಅಜ್ಜಿಯ ಮೇಲೆ ಬಿತ್ತು. ಅಜ್ಜಿ ತಿರುಗಲಿಲ್ಲ. ಅವಳ ಕಣ್ಣು ದೋಣಿಯ ಮೇಲಿತ್ತು, ಕಿವಿ ಗಂಡನ ಕಡೆಗಿತ್ತು, ಬೆರಳು ಅವನ ಮಣಿಕಟ್ಟಿನ ಮೇಲಿತ್ತು. ಬಾಯಿ ಬಿಗಿಯಾಗಿ ಮುಚ್ಚಿತ್ತು. ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಿದ್ದಳು.

ಸೊಸೆ ಟಾರ್ಚು ಆರಿಸಿದಳು. ದೋಣಿ ಆಚೆ ದಡ ಮುಟ್ಟುವ ತನಕ ಅಲ್ಲೇ ಬಗ್ಗಿಕೊಂಡಿದ್ದಳು. ಆಮೇಲೆ ಇಬ್ಬರನ್ನೂ ಎಬ್ಬಿಸಿ ಹೊರಗೆ ಕರೆದುಕೊಂಡು ಹೋದಳು. ಮ್ಯಾನೇಜರ್ ಆಗಲೇ ಬಾಗಿಲಿಗೆ ಬಂದಿದ್ದ. ಮೂವತ್ತು ದಾಟದ ಹುಡುಗ.

“ಎಷ್ಟು ಹೊತ್ತು ತಗೊಂಡ್ರಿ?” ಎಂದ.

“ಕತ್ತಲಲ್ಲಿ ಸೀಟು ಸಿಗ್ಲಿಲ್ಲ ಸಾರ್.”

“ನಿಮ್ಮದೇ ಪಾಸಿನ ಸೀಟು ನಿಮಗೆ ಸಿಗ್ಲಿಲ್ವಾ?”

ಎರಡನೇ ಕೆಂಪು ಗುರುತು ಬಿತ್ತು.

ಸಂಜೆ ಜಗಳ ತಟ್ಟೆ ಹಾಕುವ ಮೊದಲೇ ಶುರುವಾಯಿತು.

“ಓದೋಕೆ ಬರಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಆ ಆಟಕ್ಕೆ ಕೂರಿಸ್ತಿದ್ನಾ ಅತ್ತೆ?”

“ಹದಿನಾರು ವರ್ಷದಿಂದ ಒಂದೇ ಒಲೆ ಮುಂದೆ ನಿಂತಿದ್ದೀವಿ. ನಿನಗೆ ಗೊತ್ತಿಲ್ವಾ?”

“ಬೆಳಿಗ್ಗೆ ಬೆಳಿಗ್ಗೆ ಪೇಪರ್ ಹಿಡ್ಕೊಂಡು ಕೂರ್ತಿದ್ರಲ್ಲ!”

“ಫೋಟೋ ನೋಡೋಕೆ.”

ಪೇಂಟರ್ ತಲೆ ಕೆರೆದುಕೊಂಡ. ಅವನಿಗೂ ನೆನಪಿರಲಿಲ್ಲ. ಅವನು ಈ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು.

“ಸರಿ, ಇನ್ನು ಸಿನಿಮಾ ಬೇಡ,” ಎಂದ. “ಟಿವಿ ಇದೆಯಲ್ಲ. ಮನೇಲಿ ಇಬ್ಬರೂ ಎಷ್ಟು ಬೇಕಾದ್ರೂ ಕಿರುಚ್ಕೊಳ್ಳಿ. ಇನ್ನೊಂದು ಗುರುತು ಬಿದ್ರೆ ಇವಳ ಕೆಲಸ ಹೋಗುತ್ತೆ. ನನ್ನ ಕಾಲು ನೋಡಿ. ಊಟ ಮುಖ್ಯನಾ, ಸಿನಿಮಾ ಮುಖ್ಯನಾ?”

“ಊಟ,” ಎಂದಳು ಅಜ್ಜಿ. ಸೊಸೆಯ ಕಡೆ ತಿರುಗಿದಳು. “ಒಂದು ಕೇಳ್ತೀನಿ. ಗುರುತು ಬೀಳೋದು ಪಾಸಿನ ಸೀಟಿಗೆ ತಾನೇ?”

“ಹೂಂ.”

“ದುಡ್ಡು ಕೊಟ್ಟು ಬಂದವರು ಮಾತಾಡಿದ್ರೆ?”

“ಅವರಿಗೆ ಮೂರು ಸಲ ಹೇಳ್ಬೇಕು. ಆಮೇಲೂ ಮಾತಾಡಿದ್ರೆ ಹೊರಗೆ ಕಳಿಸ್ಬೇಕು.”

“ಅದಕ್ಕೆ ನಿನಗೆ ಗುರುತು?”

“ನನಗ್ಯಾಕೆ? ಗಿರಾಕಿ ತಪ್ಪು ಅದು.”

ಅಜ್ಜಿ ಎದ್ದು ಹೋಗಿ ಗುಂಡಿ ದಾರದ ಡಬ್ಬಿ ತಂದು ಪೇಂಟರ್ ಮುಂದೆ ಇಟ್ಟಳು. ಅದರೊಳಗಿಂದ ಕಿವಿಯ ಮೆಷಿನ್ ತೆಗೆದಳು. ಅದು ಜೇಬಿನಲ್ಲಿಟ್ಟು ಕಿವಿಗೆ ವೈರು ಸಿಕ್ಕಿಸಿಕೊಳ್ಳುವ ಜಾತಿಯದು, ಯಾರ ಕಿವಿಗಾದರೂ ಆಗುತ್ತದೆ. “ಪಕ್ಕದ ಬೀದಿ ಕಟಿಂಗ್ ಅಂಗಡಿಯವನ ತಾಯಿ ಕೇಳ್ತಿದ್ಳು. ಅರ್ಧ ಬೆಲೆ ಕೊಡ್ತಾಳಂತೆ.”

ಪೇಂಟರ್ ಮುಖ ಕೆಂಪಾಯಿತು. “ಕಿವಿ ಮಾರಿ ಸಿನಿಮಾ ನೋಡ್ತೀಯಾ?”

“ಆ ಕಿವಿ ಡಬ್ಬೀಲಿದ್ದು ಏನು ಕೇಳಿಸ್ಕೊಳ್ತಿದೆ? ಸೂಜಿಗಳ ಜಗಳನಾ?”

“ಅರ್ಧ ಬೆಲೆ ಅಂದ್ರೆ ನಾಲ್ಕು ತಿಂಗಳ ಮಂಗಳವಾರ ಬರುತ್ತೆ,” ಎಂದಳು ಮೊಮ್ಮಗಳು. ಅವಳು ಆಗಲೇ ಫೋನಿನಲ್ಲಿ ಲೆಕ್ಕ ಹಾಕಿದ್ದಳು.

“ನೀನು ಸುಮ್ಮನಿರು!”

ತಾತ ಅಜ್ಜಿಯ ಮಣಿಕಟ್ಟು ಚಿವುಟಿದ. ಅವಳು ಅವನ ಕಿವಿಗೆ ಹೇಳಿದಳು, “ನಿಮ್ಮ ಮೆಷಿನ್ ಮಾರ್ತೀನಿ!”

“ಮಾರು,” ಎಂದ ತಾತ. “ಎರಡು ದಿನ ಹಾಕಿದ್ದಕ್ಕೇ ತಲೆ ಕೆಟ್ಟುಹೋಗಿತ್ತು. ಕೊಳ್ಳೋರಿಗೆ ಮೊದಲೇ ಹೇಳು, ಪಾಪ.”

ಪೇಂಟರ್ ಎರಡು ದಿನ ತಾಯಿಯ ಜೊತೆ ಮಾತು ಬಿಟ್ಟ. ಮೂರನೇ ದಿನ ಪ್ಲಾಸ್ಟರ್ ಒಳಗೆ ತುರಿಸಿತು. ಕೆರೆಯಲು ಅಜ್ಜಿಯ ಹೆಣಿಗೆ ಕಡ್ಡಿ ಬೇಕಾಯಿತು. ಮಾತಾಡಿದ.

ಮಂಗಳವಾರ ಬಂತು. ತಾತ ಗಡ್ಡ ಕೆರೆದ, ಇಸ್ತ್ರಿ ಅಂಗಿ ಹಾಕಿಕೊಂಡ. ಥಿಯೇಟರಿನ ಕೌಂಟರಿನಲ್ಲಿದ್ದ ಹುಡುಗಿ ಇಬ್ಬರನ್ನೂ ಗುರುತು ಹಿಡಿದಳು.

“ನಿಮಗೆ ಪಾಸ್ ಇದೆಯಲ್ಲ ಅಜ್ಜಿ?”

“ಇವತ್ತು ನಾವು ಗಿರಾಕಿಗಳು. ಎಫ್ ಏಳು, ಎಂಟು ಕೊಡು.”

“ಅದೇ ದೋಣಿ ಸಿನಿಮಾ. ಒಂದ್ಸಲ ನೋಡಿದ್ದೀರಲ್ವಾ?”

“ಅರ್ಧ ನೋಡಿದ್ದೀವಿ. ಆ ಅಂಬಿಗ ಸತ್ತವರ ದುಡ್ಡು ವಾಪಸ್ ಕೊಟ್ನೋ ಇಲ್ವೋ ಗೊತ್ತಾಗ್ಬೇಕು.”

ಹಾಲ್‌ನಲ್ಲಿ ಆ ದಿನ ಒಂಬತ್ತು ಜನ. ದೀಪ ಆರುವ ಮುಂಚೆ ಸೊಸೆ ಎಂದಿನಂತೆ ಮುಂದೆ ನಿಂತು, ಫೋನು ಮೌನವಾಗಿಡಿ, ಮಾತಾಡಬೇಡಿ ಎಂದು ಒಪ್ಪಿಸಿದಳು. ಎಫ್ ಸಾಲಿನ ಕಡೆ ನೋಡಲಿಲ್ಲ. ಎಫ್ ಸಾಲೂ ಅವಳನ್ನು ಪರಿಚಯವಿದ್ದವರಂತೆ ನೋಡಲಿಲ್ಲ.

ಹೊಳೆ ಬಂತು, ದೋಣಿ ಬಂತು. ಅಜ್ಜಿ ಚಿವುಟಿದಳು. ತಾತ ಗಂಟಲು ಸರಿಮಾಡಿಕೊಂಡ.

ಏಳನೇ ನಿಮಿಷಕ್ಕೆ ಸೊಸೆಯ ಫೋನು ನಡುಗಿತು. ಅವಳು ಟಾರ್ಚು ನೆಲಕ್ಕೆ ಹಿಡಿದು, ಬೆನ್ನು ಬಗ್ಗಿಸಿ, ಮೆಟ್ಟಿಲು ಹತ್ತಿ ಎಫ್ ಸಾಲಿಗೆ ಬಂದಳು.

“ಮೇಡಂ, ದಯವಿಟ್ಟು ಶಬ್ದ ಮಾಡ್ಬೇಡಿ. ಇದು ಮೊದಲನೇ ಸಲ ಹೇಳ್ತಿರೋದು.”

“ಯಾರೇ ನಿನ್ನ ಮೇಡಂ?” ಎಂದಳು ಅಜ್ಜಿ, ತುಟಿ ಅಲುಗದ ಹಾಗೆ.

“ನೀವೇ. ದುಡ್ಡು ಕೊಟ್ಟಿದ್ದೀರಲ್ಲ.”

“ಇನ್ನು ಎಷ್ಟು ಸಲ ಹೇಳ್ತೀಯ?”

“ಇನ್ನೆರಡು.”

“ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು?”

ಸೊಸೆ ಹಿಂತಿರುಗಿ ಬಾಗಿಲು ನೋಡಿದಳು. ಮ್ಯಾನೇಜರ್ ಇರಲಿಲ್ಲ. “ನಾನು ಕೆಳಗೆ ಹೋಗಿ, ದೂರು ನೋಡ್ಕೊಂಡು, ಮತ್ತೆ ಹತ್ತಿ ಬರೋವಷ್ಟು.”

ಅಜ್ಜಿ ತೆರೆಯಿಂದ ಕಣ್ಣು ತೆಗೆಯಲಿಲ್ಲ. “ಕತ್ತಲು,” ಎಂದಳು. “ಮೆಟ್ಟಿಲು ಬೇರೆ ಜಾರುತ್ತೆ. ಮನೇಲಿ ಒಬ್ಬ ಕಾಲು ಮುರ್ಕೊಂಡು ಕೂತಿದ್ದಾನೆ. ನಿಧಾನಕ್ಕೆ ನಡಿ.”

ಸೊಸೆ ಇಳಿಯತೊಡಗಿದಳು. ಹದಿನಾಲ್ಕು ಮೆಟ್ಟಿಲು. ಮೂರನೆಯದರಲ್ಲಿ ಬಗ್ಗಿ ಒಂದು ಕಾಗದದ ಲೋಟ ಎತ್ತಿಕೊಂಡಳು. ಆರನೆಯದರಲ್ಲಿ ಅಂಚಿನ ಸಣ್ಣ ದೀಪ ಸಡಿಲವಾಗಿದೆಯೇ ಎಂದು ಕೈಯಿಟ್ಟು ನೋಡಿದಳು, ಆಗಿರಲಿಲ್ಲ, ಇನ್ನೊಮ್ಮೆ ನೋಡಿದಳು. ಕೈಯಲ್ಲಿ ಫೋನು ನಡುಗುತ್ತಿತ್ತು. ಹಿಂದೆ, ಮೇಲಿನಿಂದ, ಯಂತ್ರವೊಂದು ಪಕ್ಕದಲ್ಲೇ ಬಡಿಯುತ್ತಿದೆಯೋ ಎಂಬಂತೆ ತಾತ ಓದುತ್ತಿದ್ದ.

“ಅವನು ಕುಳಿತ ಜಾಗ ಖಾಲಿ ಇದೆ ಅಲ್ಪವಿರಾಮ ಆದರೆ ದೋಣಿ ಆ ಕಡೆಗೇ ವಾಲುತ್ತದೆ ಪೂರ್ಣವಿರಾಮ. ಏಕೆ ಪ್ರಶ್ನೆ.”

ಸೊಸೆ ಒಂಬತ್ತನೇ ಮೆಟ್ಟಿಲ ಮೇಲೆ ನಿಂತು ಉತ್ತರಕ್ಕೆ ಕಾದಳು.